ಮೇಷ್ಟ್ರ ಎತ್ತರ

ಸಾಫ್ತಾ ಮೇಷ್ಟ್ರ ಹೆಣ ಅಳೆದಿದ್ದ ದಾರವನ್ನು ಬಡಗಿ ನೆಕುಲಾಯ್ ತನ್ನ ಅಳತೆಗೋಲಿನ ಮೇಲೆ ಎಳೆದು ಹಿಡಿದು ತಲೆಯಲ್ಲಾಡಿಸಿದ.

"ಮೂರು ಬೆರಳು ಕಮ್ಮಿ. ಮೇಷ್ಟ್ರ ಮಿಲಿಟರಿ ಪುಸ್ತಕದಲ್ಲಿ ನೂರಾ ಎಪ್ಪತ್ತೆಂಟು ಸೆಂಟಿಮೀಟರ್ ಅಂತ ಬರ್ದಿದೆ. ನಾನು ಪೆಟ್ಟಿಗೆ ಮಾಡಿದ್ದೂ ಆ ಲೆಕ್ಕಕ್ಕೇ."

ಸತ್ತವರ ಎತ್ತರದಷ್ಟೇ ಉದ್ದದ ಮೇಣದ ಬತ್ತಿ ಹೊಸೆದು, ಸುರುಳಿ ಸುತ್ತಿ, ಮಣ್ಣಿಗಿಳಿಸುವ ಮೊದಲು ಎದೆಯ ಮೇಲೆ ಹಚ್ಚಬೇಕು. ಮುಂದಿನ ದಾರಿಗೆ ಅದೊಂದೇ ಬೆಳಕು. ಊರಿಗೆಲ್ಲ ಅದನ್ನು ಹೊಸೆಯುವವಳು ಸಾಫ್ತಾ.

"ನಮ್ಮಣ್ಣ ಕೊನೇಲಿ ಕತ್ತಲಲ್ಲಿ ತಡಕಾಡ್ಬೇಕೇನೇ?" ಮೇಷ್ಟ್ರ ತಂಗಿ ಅಗ್ಲಾಯಾ ರೇಗಿದಳು. "ಒಂದು ತುಂಡು ಅಂಟಿಸು."

"ಅಂಟಿಸಲ್ಲ. ಮೂರು ಸಲ ಅಳ್ದಿದೀನಿ."

"ಲೆಕ್ಕದಲ್ಲಿ ಎರಡು ಸಲ ಡುಮ್ಕಿ ಹೊಡೆದೋಳು ಇವಳು!" ಎಂದ ನೆಕುಲಾಯ್. ಪ್ಲಮ್ ಸಾರಾಯಿ ಹಿಡಿದು ನಿಂತವರು ನಕ್ಕರು.

ಪೆಟ್ಟಿಗೆಗಿಳಿಸಿದ ಹೆಣವನ್ನು ಮತ್ತೆ ಅಳೆಯುವಂತಿಲ್ಲ. ಅಳೆದರೆ ಮನೆಯಿಂದ ಇನ್ನೊಂದು ಹೆಣ ಹೊರಡುತ್ತದೆ.

"ಇನ್ಮೇಲೆ ಬತ್ತಿ ಪಟ್ಟಣದಿಂದ ತರಿಸ್ತೀವಿ," ಎಂದಳು ಅಗ್ಲಾಯಾ. ಆದರೂ ಸಾಫ್ತಾ ಬತ್ತಿಗೆ ತುಂಡು ಅಂಟಿಸಲಿಲ್ಲ.

*

ಒಂಬತ್ತು ವರ್ಷದ ಸಾಫ್ತಾ ಸ್ಟೂಲಿನ ಮೇಲೆ ನಿಂತು ಪೆನ್ಸಿಲ್ ಹಿಡಿದಿದ್ದಳು. ಇಲಾರಿಯೆ ಮೇಷ್ಟ್ರು ಶೂ ಬಿಚ್ಚಿ ತರಗತಿಯ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟಿದ್ದರು. ಎತ್ತರದ ಗೆರೆಗಳು ತುಂಬಿದ ಆ ಚೌಕಟ್ಟನ್ನು ಹೆರೆದು ಬಣ್ಣ ಹೊಡೆಸಿ, ಮಕ್ಕಳಿಂದ ಮಗ್ಗಿ ಹೇಳಿಸಿ ಎಂದು ಕ್ರಯೋವಾ ಪಟ್ಟಣದಿಂದ ಬಂದ ಇನ್‌ಸ್ಪೆಕ್ಟರ್ ಬರೆದಿಟ್ಟು ಹೋಗಿ ವಾರವೂ ಆಗಿರಲಿಲ್ಲ.

"ಮೇಷ್ಟ್ರೇ, ಹೋದ ವರ್ಷದ ಗೆರೆಗಿಂತ ಕೆಳಗೆ ಬಂತು. ಅಳಿಸ್ಲಾ?"

"ಬೇಡ. ಮತ್ತೆ ಅಳೆ."

ಮತ್ತೆ ಉಗುರಿನ ದಪ್ಪದಷ್ಟು ಕೆಳಗೆ. ಮೂರನೆಯ ಸಲವೂ ಅಷ್ಟೇ.

"ಹಾಗಾದ್ರೆ ತಪ್ಪು ಯಾರ್ದು?"

ಸಾಫ್ತಾ ಯೋಚಿಸಿದಳು. "ನಿಮ್ದು."

ತರಗತಿ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮೇಷ್ಟ್ರು. "ಗೆರೆ ಎಳಿ. ಮೂರು ಸಲ ಅಳೆದದ್ದನ್ನ ಯಾರು ಹೇಳಿದ್ರೂ ಅಳಿಸ್ಬಾರ್ದು. ನಾನು ಹೇಳಿದ್ರೂ."

*

ಸ್ಮಶಾನದ ದಾರಿಯಲ್ಲೇ ಶಾಲೆ. ಅದರ ಮುಂದೆ ಬಂದಾಗ ಸಾಫ್ತಾ ಮೆರವಣಿಗೆಗೆ ಅಡ್ಡ ನಿಂತಳು.

"ಇಳಿಸಿ."

"ಹುಚ್ಚು ಹಿಡೀತೇನಮ್ಮಾ?" ಎಂದರು ಪಾದ್ರಿ. ಆದರೆ ಹೊತ್ತಿದ್ದ ಆರು ಜನವೂ ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು. ಪೆಟ್ಟಿಗೆ ಇಳಿಸಿದರು.

ಎಲ್ಲರೂ ಅವಳ ಹಿಂದೆ ತರಗತಿಗೆ ನುಗ್ಗಿದರು. ಎಷ್ಟೋ ಸಲ ದಾಟಿದ ಬಾಗಿಲು. ಯಾರೂ ಅದನ್ನು ಪೂರ್ತಿ ನೋಡಿರಲಿಲ್ಲ. ಎಡಗಡೆ ಊರಿನ ಮಕ್ಕಳ ಗೆರೆಗಳು, ಹೆಸರು ಹೆಸರಾಗಿ ಮೇಲೆ ಹತ್ತಿದ್ದವು. ನೆಕುಲಾಯ್ ತನ್ನ ಏಳನೆಯ ವರ್ಷದ ಗೆರೆಯನ್ನು ಬೆರಳಿಂದ ಮುಟ್ಟಿದ. ಬಲಗಡೆ ಒಬ್ಬರದೇ ಗೆರೆಗಳು, ಒಂದೊಂದಕ್ಕೂ ಇಸವಿ. ಒಂದಷ್ಟು ವರ್ಷ ಒಂದೇ ಕಡೆ ಒತ್ತಾಗಿ ನಿಂತು, ಆಮೇಲೆ ಕೂದಲೆಳೆಯಷ್ಟು, ಉಗುರಿನಷ್ಟು ಕೆಳಗಿಳಿಯುತ್ತಿದ್ದವು. ನಿವೃತ್ತಿಯಾದ ಮೇಲೂ ಮೇಷ್ಟ್ರು ಪ್ರತಿ ವಸಂತಕ್ಕೆ ಬಂದು ಶೂ ಬಿಚ್ಚಿ ನಿಂತಿದ್ದರು.

ಪಾದ್ರಿ ಟೋಪಿ ತೆಗೆದರು.

ಸಾಫ್ತಾ ದಾರದ ಒಂದು ತುದಿಯನ್ನು ಅಗ್ಲಾಯಾಳ ಕೈಗಿತ್ತಳು. ಮುದುಕಿ ಮೊಣಕಾಲೂರಿ ಅದನ್ನು ನೆಲಕ್ಕೆ ಒತ್ತಿ ಹಿಡಿದಳು. ಸಾಫ್ತಾ ಇನ್ನೊಂದು ತುದಿಯನ್ನು ಮೇಲಕ್ಕೆಳೆದಳು. ಅದು ಬಲಗಡೆಯ ಎಲ್ಲಕ್ಕಿಂತ ಕೆಳಗಿನ ಗೆರೆಗೆ ಮುಟ್ಟಿ ನಿಂತಿತು.

ಗೆರೆಯ ಪಕ್ಕದಲ್ಲಿ, ಈ ವಸಂತದ ತಾರೀಖಿನ ಕೆಳಗೆ, ಮಕ್ಕಳ ಸೊಟ್ಟ ಅಕ್ಷರಗಳಿದ್ದವು: ಮೂರು ಸಲ ಅಳೆದಿದ್ದೇವೆ.