ಮಂಟಪ ಹೊತ್ತ ಪಿಕಪ್ಪಿನ ಮೈಲೇಜು

ಕೇಶವ್ ಅವರೇ, ನಾನು ಈಗ ಹೇಳುವುದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಒಳಗೆ ಉಳಿದಿರುವ ಪುಳಿಯೋಗರೆಯ ಮೇಲೆ ಆಣೆ ಇಡುತ್ತೇನೆ. ಎರಡು ಸಲ ಬಡಿಸಿಕೊಂಡವನು ನಾನು, ಅದರ ಮೇಲೆ ಸುಳ್ಳಾಣೆ ಇಟ್ಟರೆ ಹೊಟ್ಟೆ ಸುಮ್ಮನೆ ಬಿಡುವುದಿಲ್ಲ. ನೀವು ಹೊಸದಾಗಿ ಡೀಸೆಲ್ ಪಿಕಪ್ ತೆಗೆದುಕೊಂಡಿದ್ದೀರಿ, ಮೈಲೇಜು ಹೆಚ್ಚಿಸಲು ಏನೋ ಚಿಪ್ ತರಿಸುತ್ತಿದ್ದೀರಿ ಎಂದು ಸಂಕ್ರಾಂತಿ ಊಟದ ಸಾಲಿನಲ್ಲಿ ಕಿವಿಗೆ ಬಿತ್ತು. ಅದಕ್ಕೇ ಈ ಪಾರ್ಕಿಂಗ್ ಲಾಟಿನಲ್ಲಿ, ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್ ಚಳಿಯಲ್ಲಿ ನಿಮ್ಮನ್ನು ತಡೆದು ನಿಲ್ಲಿಸಿದ್ದು. ಕಾರು ಎಲ್ಲಿ ನಿಲ್ಲಿಸಿದೆವೆಂದು ಹುಡುಕುತ್ತಿರುವ ಉಳಿದವರೂ ಕೇಳಿಸಿಕೊಳ್ಳಿ.

ಸೌತ್‌ಫೀಲ್ಡಿನ ಮಲ್ಲಪ್ಪನವರ ಹೆಸರು ಕೇಳಿರುತ್ತೀರಿ. ಹುಬ್ಬಳ್ಳಿ ಕಡೆಯವರು, ಐಟಿ ಕೆಲಸ. ನಮ್ಮ ಕನ್ನಡ ಸಂಘದಲ್ಲಿ ಮೊದಲು ಪಿಕಪ್ ಇದ್ದದ್ದು ಅವರೊಬ್ಬರ ಬಳಿ. ಅಂದ ಮೇಲೆ ಸಂಘದ ಸಾಮಾನೆಲ್ಲ ಅವರ ಗಾಡಿಯಲ್ಲೇ. ಮರದ ಮದುವೆ ಮಂಟಪ, ದೊಡ್ಡ ಕೊಪ್ಪರಿಗೆಗಳು, ಜಮಖಾನ, ಗ್ರೈಂಡರ್. ಕಾರ್ಯಕ್ರಮ ಮುಗಿದ ಮೇಲೆ ಇಳಿಸೋಣ ಎಂದು ಅವರು ಕೇಳಿದರೆ, "ನಿಮ್ಮ ಗಾಡೀಲೇ ಇರ್ಲಿ ಬಿಡಿ ಅಂಕಲ್, ಮುಂದಿನ ಫಂಕ್ಷನ್‌ಗೆ ಬೇಕಲ್ಲ" ಎಂದು ಹೇಳಿ ಎಲ್ಲರೂ ಕಾರು ಹತ್ತುತ್ತಿದ್ದರು. ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರದಾದರೂ ಗರಾಜಿನಲ್ಲಿ ಜಾಗ ಇದೆಯೇ ಎಂದು ಕೇಳಿದರೆ ಸಾಲಾಗಿ ಕೈಮುಗಿದ ಗೊಂಬೆಗಳು ಬರುತ್ತಿದ್ದವು, ಜಾಗ ಬರುತ್ತಿರಲಿಲ್ಲ.

ಹೀಗಾಗಿ ಮಂಟಪದ ನಾಲ್ಕು ಕಂಬಗಳು ವರ್ಷವಿಡೀ ಪಿಕಪ್ಪಿನ ಹಿಂದೆ ನೆಟ್ಟಗೆ ನಿಂತು, ಎದುರಿನ ಗಾಳಿಯನ್ನೆಲ್ಲ ತಡೆಯುತ್ತಿದ್ದವು. ಹೈವೇಯಲ್ಲಿ ಹಿಂದಿಕ್ಕಿ ಹೋಗುವ ಅಮೆರಿಕನ್ನರು ಕಾರಿನೊಳಗಿಂದಲೇ ಟೋಪಿ ತೆಗೆಯುತ್ತಿದ್ದರು. ಕಲಮಜೂ ಹತ್ತಿರ ಒಬ್ಬಾತ ಕಿಟಕಿಯಿಂದ ಒಂದು ಡಾಲರ್ ಕಾಣಿಕೆ ಎಸೆದು ಹೋದ. ನಗಬೇಡಿ, ನಾನು ಪಕ್ಕದ ಸೀಟಿನಲ್ಲೇ ಇದ್ದೆ.

ಮಲ್ಲಪ್ಪನವರಿಗೆ ಇದ್ದ ಚಿಂತೆ ಒಂದೇ. ಮಗಳು ಗಗನಾ ಇರುವುದು ಇಲ್ಲಿಂದ ಐದು ಗಂಟೆ ದಾರಿಯ, ಶಿಕಾಗೋ ಹತ್ತಿರದ ಲಿಸ್ಲ್‌ನಲ್ಲಿ. ಚೊಚ್ಚಲ ಬಸುರಿ. ಅಳಿಯ ಯಶ್‌ನದು ಊರೂರು ತಿರುಗುವ ಕೆಲಸ. ಹೆರಿಗೆಯ ಹೊತ್ತಿಗೆ ಅಮ್ಮ ಪಕ್ಕದಲ್ಲಿರಬೇಕು, ಅಮ್ಮನ ಕೈ ಹಿಡಿದುಕೊಂಡಿರಬೇಕು ಎಂಬುದೊಂದನ್ನೇ ಅವಳು ಕೇಳಿದ್ದು. ಹೆಂಡತಿ ಪದ್ಮಜಾ ವಾರವಾರವೂ ಹೋಗೋಣ ಎನ್ನುವವರು. ಆದರೆ ಆ ಪಿಕಪ್ ಡೀಸೆಲ್ ಕುಡಿಯುವ ರೀತಿಗೆ ತಿಂಗಳಿಗೊಮ್ಮೆ ಹೋಗುವುದೂ ಕಷ್ಟವಾಯಿತು. ಪದ್ಮಜಾ ಅವರ ಪುಟ್ಟ ಕಾರು ಹೈವೇಗೆ ಆಗಿಬರುವುದಿಲ್ಲ ಎಂಬುದು ಮಲ್ಲಪ್ಪನವರ ತೀರ್ಮಾನ.

ಆಗ ಅವರು ಮೈಲೇಜು ಹೆಚ್ಚಿಸುವ ಬಿಡಿಭಾಗಗಳನ್ನು ತರಿಸಿದರು. ಪಕ್ಕದ ಬೀದಿಯ ಛಾಯಾ ಬಂದು ನೋಡಿದಳು. ಮೈಸೂರಿನ ಹುಡುಗಿ, ಡಿಯರ್‌ಬಾರ್ನ್‌ನಲ್ಲಿ ಡೀಸೆಲ್ ಎಂಜಿನ್ ಟೆಸ್ಟ್ ಮಾಡುವ ಇಂಜಿನಿಯರ್.

"ಏನ್ ಅಂಕಲ್ ಇದು, ಇಷ್ಟೊಂದು ಡಬ್ಬ?"

"ನೋಡವಾ ಛಾಯಾ. ಈ ಗಾಳಿ ಪೈಪಿಗೆ ಇಪ್ಪತ್ತು ಪರ್ಸೆಂಟ್ ಉಳಿತೈತಂತ. ಚಿಪ್ಪಿಗೆ ಮೂವತ್ತು. ಸೈಲೆನ್ಸರ್‌ಗೆ ಇಪ್ಪತ್ತೈದು. ಟ್ಯಾಂಕಿಗೆ ಹಾಕೋ ಈ ಎಣ್ಣಿಗೆ ಮೂವತ್ತು. ಡಬ್ಬಿ ಮ್ಯಾಲ ಬರದಾರ."

"ಕೂಡಿದ್ರೆ ನೂರೈದಾಯ್ತು."

"ಹೌದು ಮತ್ತ. ನಾನೂ ಕೂಡಸೀನಿ."

"ಅಂದ್ರೆ ಗಾಡಿ ಓಡಿಸಿದಷ್ಟೂ ಡೀಸೆಲ್ ಜಾಸ್ತಿ ಆಗತ್ತೆ ಅಂಕಲ್."

ಮರುದಿನ ಮಲ್ಲಪ್ಪನವರು ಎರಡು ಖಾಲಿ ಕ್ಯಾನ್ ಕೊಂಡು ತಂದು ಪಿಕಪ್ಪಿನ ಹಿಂಭಾಗದಲ್ಲಿ ಇಟ್ಟರು. ಉಕ್ಕಿದರೆ ಹಿಡಿಯುವುದಕ್ಕೆ.

ಛಾಯಾ ಬಿಡಲಿಲ್ಲ. "ಅಂಕಲ್, ಕಂಪನಿಯೋರು ವರ್ಷಗಟ್ಟಲೆ ಟೆಸ್ಟ್ ಮಾಡಿ ಇಟ್ಟಿರೋ ಎಂಜಿನ್ ಇದು. ಮೊದ್ಲು ಆ ಮಂಟಪ ಇಳಿಸಿ. ಟೈರಲ್ಲಿ ಗಾಳಿ ನೋಡಿ, ಚಳಿಗೆ ಇಳಿದುಹೋಗಿರತ್ತೆ. ಎಂಬತ್ತು ಮೈಲಿ ಸ್ಪೀಡಲ್ಲಿ ಓಡಿಸ್ತೀರಲ್ಲ, ಅರವತ್ತೈದಕ್ಕೆ ಇಳಿಸಿ. ಬೆಳಗ್ಗೆ ಅರ್ಧ ಗಂಟೆ ಗಾಡಿ ಸ್ಟಾರ್ಟ್ ಮಾಡಿಟ್ಟು ಕಾಫಿ ಕುಡೀತೀರಲ್ಲ, ಅದನ್ನ ಬಿಡಿ. ಇದಕ್ಕೆಲ್ಲ ಡಬ್ಬ ಬೇಡ."

"ಆಕಿ ಹೇಳೋದನ್ನ ಕೇಳ್ರಿ," ಎಂದರು ಪದ್ಮಜಾ. "ದಿನಾ ಎಂಜಿನ್ ನೋಡೋದ ಆಕಿ ಕೆಲಸ."

"ಆಕಿ ಕಂಪನಿಯಾಕಿ. ಕಂಪನಿಯವರು ಒಳ್ಳೇದನ್ನ ಬಚ್ಚಿಡತಾರ. ವಾಟ್ಸ್ಯಾಪಿನ್ಯಾಗ ಬಂದೈತಿ."

"ವಾಟ್ಸ್ಯಾಪಿನ್ಯಾಗ ಗರಾಜ್ ಬರ್ಲಿಲ್ಲ, ಇದು ಬಂತೇನು?"

"ಪದ್ಮಾ, ನೀ ಸುಮ್ನಿರು."

ಫಿಟ್ ಮಾಡಿದ ಅಂಗಡಿಯವನು ಇನ್ನೊಂದು ಮಾತು ಹೇಳಿದ. ಸೈಲೆನ್ಸರ್ ದಾರಿಯಲ್ಲಿ ಹೊಗೆ ಸೋಸುವ ಫಿಲ್ಟರನ್ನೇ ಕಿತ್ತುಹಾಕಿದರೆ ಮೈಲೇಜು ಇನ್ನೂ ಏರುತ್ತದಂತೆ. ಛಾಯಾ ಮುಖ ಗಂಟಿಕ್ಕಿದಳು. "ಅದು ಫೆಡರಲ್ ಕಾನೂನಿಗೆ ವಿರುದ್ಧ ಅಂಕಲ್. ದಂಡ ಆಮೇಲಿನ ಮಾತು. ಆ ಮಸಿ ಹೋಗೋದು ನಿಮ್ಮ ಬಡಾವಣೆ ಮಕ್ಕಳ ಎದೆಗೆ." ಮೊಮ್ಮಗು ಬರುವ ಮನೆ ಎಂದು ಮಲ್ಲಪ್ಪನವರು ಅದೊಂದನ್ನು ಮಾತ್ರ ಬಿಟ್ಟರು. ಉಳಿದದ್ದೆಲ್ಲ ಕೂತಿತು.

ಮೊದಲ ದಿನ ಸ್ಟಾರ್ಟ್ ಮಾಡಿದಾಗ ಬಂದ ಸದ್ದಿಗೆ ನಮ್ಮ ಬೀದಿಯ ಬಾತುಕೋಳಿಗಳು ಎದ್ದು ಒಹಾಯೋಗೆ ಹೋದವು. ಅವು ಹೋಗುವ ಕಾಲವೂ ಅದೇ ಎಂದು ಕೆಲವರು ಹೇಳುತ್ತಾರೆ. ಇರಬಹುದು.

ಡ್ಯಾಶ್‌ಬೋರ್ಡಿನ ಪರದೆಯಲ್ಲಿ ಮೈಲೇಜು ಏರಿತ್ತು. ಮಲ್ಲಪ್ಪನವರು ಅದರ ಫೋಟೋ ತೆಗೆದು ಎಲ್ಲರಿಗೂ ಕಳಿಸಿದರು. ಛಾಯಾ ಮತ್ತೆ ಬಂದಳು. "ಚಿಪ್ ಹಾಕಿದ್ಮೇಲೆ ಆ ಪರದೆ ಲೆಕ್ಕ ತಪ್ಪತ್ತೆ ಅಂಕಲ್. ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ. ಓಡಿದ ಮೈಲೀನ ಹಾಕಿಸಿದ ಗ್ಯಾಲನ್‌ನಿಂದ ಭಾಗಿಸಿ. ಅದೇ ನಿಜ." ಭಾಗಿಸಿದರು. ಮೊದಲಿಗಿಂತ ಕಡಿಮೆ ಬಂತು. ಮಲ್ಲಪ್ಪನವರು ಪಂಪಿನವನ ಮೇಲೆ ಅನುಮಾನಪಟ್ಟರು.

ಮುಂದಿನ ವಾರ ಲಿಸ್ಲ್‌ಗೆ ಹೋಗಿ ಅಲ್ಲೇ ಉಳಿಯುವುದೆಂದು ಪದ್ಮಜಾ ಸೂಟ್‌ಕೇಸ್ ತುಂಬಿಟ್ಟಿದ್ದರು. ಮಗುವಿಗೆ ಅಷ್ಟು ತಾಳ್ಮೆ ಇರಲಿಲ್ಲ. ಒಂದು ಬೆಳಗ್ಗೆ ಗಗನಾಳ ಫೋನ್ ಬಂತು. ನೋವು ಶುರುವಾಗಿದೆ, ಯಶ್ ಡೆನ್ವರಿನಲ್ಲಿದ್ದಾನೆ, ಪಕ್ಕದ ಮನೆಯವರು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾರೆ.

"ಅಮ್ಮಾ, ಆರ್ ಯು ಕಮಿಂಗ್?"

"ಹೊಂಟೆ ಕೂಸ, ಈಗ ಹೊಂಟೆ." ಪದ್ಮಜಾ ಫೋನ್ ಇಟ್ಟು ಗಂಡನನ್ನು ನೋಡಿದರು. "ನನ್ನ ಕಾರಿನ್ಯಾಗ ಹೋಗೋಣ್ರಿ."

"ಹಿಮ ಬೀಳಾಕತ್ತೈತಿ. ಪಿಕಪ್ಪ ಗಟ್ಟಿ. ಈಗ ಮೈಲೇಜೂ ಐತಿ."

"ಮಂಟಪನಾದ್ರೂ ಇಳಸ್ರಿ."

"ಈಗೆಲ್ಲಿ ಇಳಸ್ಲಿ?"

ಮಂಟಪದ ಸಮೇತ ಹೊರಟರು. ಅರ್ಧ ದಾರಿ ದಾಟಿ ಬೆಂಟನ್ ಹಾರ್ಬರ್ ಹತ್ತಿರ ಮಿಶಿಗನ್ ಸರೋವರದಿಂದ ಹಿಮ ಅಡ್ಡಲಾಗಿ ಹೊಡೆಯಿತು. ಎಂಜಿನ್ನಿಗೆ ಕಂಪನಿಯವರು ಕೂರಿಸಿದ್ದ ಹಳೆಯ ಗಾಳಿ ಡಬ್ಬಿ ಹಿಮವನ್ನು ಒಳಗೆ ಬಿಡದ ಹಾಗೆ ಮಾಡಿದ್ದು. ಹೊಸ ಪೈಪಿಗೆ ಬಾಯಿ ದೊಡ್ಡದು, ಮುಚ್ಚಳ ಇಲ್ಲ. ಅದು ಗಾಳಿಯ ಜೊತೆ ಹಿಮವನ್ನೂ ನುಂಗುತ್ತ ಬಂತು. ಗಾಳಿ ಫಿಲ್ಟರಿನ ಸುತ್ತ ಹಿಮ ಗಟ್ಟಿಯಾಗಿ ಕೂತು ಎಂಜಿನ್ನಿಗೆ ಉಸಿರು ಕಟ್ಟಿತು. ಪಿಕಪ್ ಮೊದಲು ಮುಗ್ಗರಿಸಿತು, ಆಮೇಲೆ ತೆವಳಿತು, ಆಮೇಲೆ ರಸ್ತೆಯ ಅಂಚಿನಲ್ಲಿ ನಿಂತೇಬಿಟ್ಟಿತು.

ಟೋ ಗಾಡಿಗೆ ಫೋನ್ ಮಾಡಿದರೆ, ಆ ರಸ್ತೆಯಲ್ಲಿ ಸಿಕ್ಕಿಕೊಂಡವರು ತುಂಬ ಜನ, ಕಾಯಬೇಕು ಎಂದರು. ಪದ್ಮಜಾ ಫೋನಿನಲ್ಲಿ ಮಗಳ ಜೊತೆ ಇದ್ದರು. ಕೈ ಹಿಡಿಯಬೇಕಾದವರು ಫೋನ್ ಹಿಡಿದು, "ಉಸಿರು ತಗೋ ಕೂಸ, ಬಿಡು, ಮತ್ತ ತಗೋ" ಎನ್ನುತ್ತಿದ್ದರು. ಮಲ್ಲಪ್ಪನವರು ಬಾನೆಟ್ಟು ಎತ್ತಿ ಬರಿಗೈಯಲ್ಲಿ ಹಿಮ ಕೀಳುತ್ತಿದ್ದರು. ಕಿತ್ತಷ್ಟೂ ಬೀಳುತ್ತಿತ್ತು. ಮಗುವಿನ ಮೊದಲ ಅಳು ಸ್ಪೀಕರಿನಲ್ಲಿ ಕೇಳಿತು. ಟೋ ಗಾಡಿ ಅದಾದ ಮೇಲೂ ಎಷ್ಟೋ ಹೊತ್ತಿಗೆ ಬಂತು.

ಇವರು ಆಸ್ಪತ್ರೆ ತಲುಪಿದಾಗ ಗಗನಾ ಮಗುವನ್ನು ಎದೆಯ ಮೇಲೆ ಮಲಗಿಸಿಕೊಂಡಿದ್ದಳು. ಅಮ್ಮನನ್ನು ನೋಡಿ ಅವಳೇನೂ ಅಳಲಿಲ್ಲ. "ಯು ಸೆಡ್ ಯೂ ವುಡ್ ಬಿ ಹಿಯರ್," ಎಂದಳು, ಅಷ್ಟೇ. ಆಮೇಲೆ ಅಪ್ಪನ ಬಿರಿದ ಕೈ ನೋಡಿ, "ಇಟ್ಸ್ ಓಕೆ, ಅಪ್ಪಾ," ಎಂದಳು. ಮಲ್ಲಪ್ಪನವರು ಮಗುವನ್ನು ಮುಟ್ಟಲಿಲ್ಲ. ಕೈ ತಣ್ಣಗಿದೆ ಎಂದು ಜೇಬಿನಲ್ಲಿಟ್ಟುಕೊಂಡು ಗೋಡೆಗೆ ಒರಗಿ ನಿಂತರು.

ಊರಿಗೆ ಬಂದ ಮೇಲೆ ಮಲ್ಲಪ್ಪನವರು ತಾವೇ ಛಾಯಾಳ ಮನೆ ಬಾಗಿಲು ತಟ್ಟಿದರು. "ಎಲ್ಲಾ ಮೊದ್ಲಿನಂಗ ಮಾಡಿಕೊಡವಾ. ಏನೇನ್ ತಗೀಬೇಕು ಹೇಳು." ಹಳೆಯ ಗಾಳಿ ಡಬ್ಬಿ ಮತ್ತೆ ಕೂತಿತು, ಚಿಪ್ ಹೋಯಿತು. ಮಂಟಪ, ಕೊಪ್ಪರಿಗೆ ಎಲ್ಲ ಇಳಿಯಿತು. ಟೈರಿಗೆ ಗಾಳಿ ತುಂಬಿದರು, ಅರವತ್ತೈದು ಮೀರಲಿಲ್ಲ. ಭಾಗಿಸಿ ನೋಡಿದರೆ ಮೈಲೇಜು ಏರಿತ್ತು. ಈಗ ಪ್ರತಿ ಶನಿವಾರ ಲಿಸ್ಲ್‌ಗೆ ಹೋಗುತ್ತಾರೆ. ಆದರೆ ಹೋಗಬೇಕಾದ ದಿನ ಹೋಗಲಾಗಲಿಲ್ಲ, ಅದಕ್ಕೆ ಯಾವ ಬಿಡಿಭಾಗವೂ ಇಲ್ಲ. "ಅವತ್ತು ಆಕಿ ಮಾತು ಕೇಳಿದ್ರ," ಎಂದು ಪದ್ಮಜಾ ಇವತ್ತಿಗೂ ಮಾತು ಶುರುಮಾಡುತ್ತಾರೆ. ಮುಗಿಸುವುದಿಲ್ಲ.

ಇಳಿಸಿದ ಮಂಟಪಕ್ಕೆ ಎಲ್ಲೂ ಜಾಗ ಸಿಗದೆ ಅದು ಅವರ ಲಿವಿಂಗ್ ರೂಮಿನಲ್ಲೇ ನಿಂತಿದೆ. ಸೋಫಾ ಅದರೊಳಗೆ. ಗಂಡ ಹೆಂಡತಿ ಮಂಟಪದ ಕೆಳಗೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ ಚಹಾ ಕುಡಿಯುತ್ತಾರೆ. ಅಲ್ಲಿಗೆ ಹೋದವರಿಗೆ ಅಕ್ಷತೆ ಹಾಕಬೇಕೋ, ಸಮಾಧಾನ ಹೇಳಬೇಕೋ ತಿಳಿಯುವುದಿಲ್ಲ.

ಅದಕ್ಕೇ ಹೇಳುತ್ತೇನೆ, ಕೇಶವ್ ಅವರೇ, ಪಿಕಪ್ ಇರುವ ಎಲ್ಲರಿಗೂ ಹೇಳುತ್ತೇನೆ. ಡಬ್ಬಿಯ ಮೇಲಿನ ಪರ್ಸೆಂಟ್ ನಂಬಬೇಡಿ. ಡ್ರೈವರ್ ಬಾಗಿಲ ಒಳಗಿನ ಸ್ಟಿಕ್ಕರ್ ಓದಿ, ಟೈರ್ ತಣ್ಣಗಿರುವಾಗ ಅಷ್ಟೇ ಗಾಳಿ ತುಂಬಿಸಿ. ನಿಧಾನಕ್ಕೆ ಓಡಿಸಿ. ನಿಂತಲ್ಲೇ ಎಂಜಿನ್ ಉರಿಸಬೇಡಿ. ಹೊಗೆ ಫಿಲ್ಟರಿಗೆ ಕೈ ಹಚ್ಚಬೇಡಿ. ಏನಾದರೂ ಹಾಕಿಸುವ ಮುಂಚೆ ವಾರಂಟಿ ಉಳಿಯುತ್ತದೆಯೇ ಎಂದು ಕೇಳಿ. ಬೇಡದ ಭಾರವನ್ನು ಇವತ್ತೇ ಇಳಿಸಿ. ಭಾರ ಅಂದಾಗ ನೆನಪಾಯಿತು. ನಿಮ್ಮದು ಮೂರು ಕಾರಿನ ಗರಾಜ್ ಅಲ್ಲವೇ? ಹೇಗೂ ಪಿಕಪ್ ಇದೆ, ಮಲ್ಲಪ್ಪನವರ ಮನೆಯೂ ದಾರಿಯಲ್ಲೇ ಸಿಗುತ್ತದೆ. ಬರೀ ಯುಗಾದಿ ತನಕ ಆ ಮಂಟಪವನ್ನು ನೀವು ಒಂದು ಮೂಲೆಯಲ್ಲಿ… ಕೇಶವ್ ಅವರೇ, ಕಂಬಗಳನ್ನು ಬಿಚ್ಚಿ ಮಲಗಿಸಿದರೆ ಅಷ್ಟೇನೂ ಜಾಗ…