ಹೈದರಾಬಾದಿನಲ್ಲಿ ಹೀಟರು ಯಾಕೆ?

ಮೌನ ಅನ್ನುವುದು ಮೌನಪ್ಪನ ಹೆಸರಿನಲ್ಲಷ್ಟೇ ಇತ್ತು. ಕೋಠಿಯ ಹಿಂದಿನ ಗಲ್ಲಿಯಲ್ಲಿರುವ ಅವನ ಗ್ಯಾರೇಜಿಗೆ ಪಂಕ್ಚರ್ ಹಾಕಿಸಲು ಬಂದವರಿರಲಿ, ಬರೀ ವಿಳಾಸ ಕೇಳಲು ನಿಂತವರಿರಲಿ, ಅವನ ಒಂದು ಮಾತು ಕೇಳದೆ ಮುಂದೆ ಹೋಗುವಂತಿರಲಿಲ್ಲ.

"ಹಳೇ ಗಾಡಿಗೆ ಕಾರ್ಬುರೇಟರ್ ಬೇಕ್ರಿ. ನಮ್ಮ ಹೈದರಾಬಾದಿನ ಬಿಸಲಿಗೆ ಆ ಕಾಲದ ಇಂಜೆಕ್ಷನ್ ಆಗಿಬರಂಗಿಲ್ಲ."

"ಈಗ ಎಲ್ಲಾ ಗಾಡಿನೂ ಇಂಜೆಕ್ಷನ್ನೇ ಅಲ್ಲೇನು ಉಸ್ತಾದ್?" ಎಂದು ಯಾರಾದರೂ ಕೆಣಕಿದರೆ, "ಅವು ಕಂಪ್ಯೂಟರ್ ಗಾಡಿ. ಅವಕ್ಕ ನಾ ಕೈ ಹಚ್ಚಂಗಿಲ್ಲ. ಹಳೇ ಇಂಜೆಕ್ಷನ್ ಕಥಿ ಬೇಕಾದ್ರ ತಾರ್ನಾಕಾಕ್ಕ ಹೋಗಿ ಕೃಷ್ಣಾಬಾಯಾರನ್ನ ಕೇಳ್ರಿ" ಅನ್ನುತ್ತಿದ್ದ.

ತಾರ್ನಾಕಾದ ಕೃಷ್ಣಾಬಾಯಿ ಯೂನಿವರ್ಸಿಟಿಯಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ಎಪ್ಪತ್ತೆರಡು ವಯಸ್ಸು. ಅವರ ಹತ್ತಿರ ಹಸಿಮೆಣಸಿನಕಾಯಿ ಬಣ್ಣದ ಒಂದು ಜರ್ಮನ್ ಕಾರಿತ್ತು. ಎರಡೇ ಬಾಗಿಲು, ಇಂಜಿನ್ ಹಿಂದೆ. ಆ ಇಂಜಿನ್ನಿಗೆ ರೇಡಿಯೇಟರಿಲ್ಲ, ನೀರಿಲ್ಲ, ಬರೀ ಫ್ಯಾನಿನ ಗಾಳಿಯಿಂದಲೇ ತಂಪಾಗಬೇಕು. ಕ್ಯಾಂಪಸ್ಸಿನಲ್ಲಿದ್ದ ಪರದೇಶದ ಪ್ರೊಫೆಸರೊಬ್ಬರು ಊರಿಗೆ ಮರಳುವಾಗ ಮಾರಿಹೋದದ್ದು. ಫ್ಯಾಕ್ಟರಿಯಿಂದ ಅದು ಬಂದದ್ದು ಇಂಜೆಕ್ಷನ್ ಪಂಪಿನೊಂದಿಗೆ. ಆರು ಸಿಲಿಂಡರಿಗೂ ಪೆಟ್ರೋಲನ್ನು ಅಳೆದು ಚಿಮ್ಮಿಸುವ, ತೆಂಗಿನಕಾಯಿಗಿಂತ ತುಸು ದೊಡ್ಡ ಯಂತ್ರ ಅದು. ೧೯೮೯ರ ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಕಾರು ಕರಿ ಹೊಗೆ ಬಿಡತೊಡಗಿತು. ಪೆಟ್ರೋಲು ಕುಡಿದೇ ಕುಡಿಯಿತು. ಊರಿನ ಯಾವ ಮೆಕ್ಯಾನಿಕ್ಕಿಗೂ ಅದು ಬಗ್ಗಲಿಲ್ಲ. ಆಗಿನ್ನೂ ಮೂವತ್ತರ ಮೌನಪ್ಪ ಆ ಪಂಪನ್ನು ಬಿಚ್ಚಿ ಪಕ್ಕಕ್ಕಿಟ್ಟು, ಮೂರು ಮೂರು ಗಂಟಲಿನ ಎರಡು ಕಾರ್ಬುರೇಟರ್ ಕೂರಿಸಿದ. ರಬ್ಬರ್ ನಳಿಗೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಒಂದೊಂದೇ ಗಂಟಲಿಗೆ ಹಿಡಿದು, ಆರೂ ಒಂದೇ ಶ್ರುತಿಯಲ್ಲಿ ಉಸಿರಾಡುವವರೆಗೆ ಸ್ಕ್ರೂ ತಿರುವಿದ. ಕಾರು ಓಡಿತು. ಯಾದಗಿರಿಯಿಂದ ಗಾರೆ ಕೆಲಸಕ್ಕೆಂದು ಬಂದು ನಟ್ಟು-ಬೋಲ್ಟು ತಿರುವುವ ಪಾನೆ ಹಿಡಿದಿದ್ದ ಮೌನಪ್ಪ ಅಂದಿನಿಂದ ಉಸ್ತಾದ್ ಆದ.

ಮೂವತ್ತಾರು ವರ್ಷ ಓಡಿದ ಮೇಲೆ ಈ ಮೇ ತಿಂಗಳಲ್ಲಿ ಕಾರ್ಬುರೇಟರುಗಳ ಒಳಗಿನ ಕಡ್ಡಿಗಳು ಸವೆದು ಪೆಟ್ರೋಲು ತೊಟ್ಟಿಕ್ಕತೊಡಗಿತು. ಕೃಷ್ಣಾಬಾಯಿಯ ಮಗಳು ಶಾಂಭವಿ ಕಾಲೇಜಿನಲ್ಲಿ ಇಂಜಿನಿಯರಿಂಗ್ ಕಲಿಸುವವಳು. ಅವಳು ಕಾರಿನ ಹಿಂದೆ ಹೋಗಿ ಇಂಜಿನ್ನಿನ ಮೇಲೆ ಬಗ್ಗಿ ನೋಡಿ, "ಮೌನಪ್ಪ ಕಾಕಾ, ಫ್ಯಾಕ್ಟರಿಯವರು ಹಾಕಿದ್ದನ್ನ ಮತ್ತ ಹಾಕಿ ನೋಡಬಾರದೇನು?" ಅಂದಳು.

"ತಂಗಿ, ನೀ ಆವಾಗ ಫ್ರಾಕಿನ್ಯಾಗ ಇದ್ದಿ. ಆ ಹೊಗಿ ನೀ ನೋಡಿಲ್ಲ."

"ಆ ಪಂಪು ಇನ್ನೂ ಐತೇನೋ?" ಎಂದು ಕೃಷ್ಣಾಬಾಯಿ ಕೇಳಿದರು.

"ಐತ್ರಿ ಬಾಯಾರ. ನಮ್ಮ ಮನಿಯಾಕಿ ಟ್ರಂಕಿನ್ಯಾಗ."

ಗಾಡಿಯಿಂದ ಬಿಚ್ಚಿದ ಯಾವುದನ್ನೂ ಮೌನಪ್ಪ ಎಸೆಯುತ್ತಿರಲಿಲ್ಲ. ಪ್ರತಿ ವರ್ಷ ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಆ ಪಂಪನ್ನೂ ಹೊರಗೆ ತೆಗೆದು, ಎಣ್ಣೆ ಬಿಟ್ಟು, ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಕುಂಕುಮ ಹಚ್ಚುತ್ತಿದ್ದ. ಬಯ್ಯುವುದು ಬೇರೆ, ಪೂಜೆ ಬೇರೆ.

ಅವನ ಹೆಂಡತಿ ಗದಿಗೆಮ್ಮ ಟ್ರಂಕು ತೆರೆದು, "ಒಯ್ರಿ ಮಾರಾಯರ, ಒಯ್ರಿ. ಮೂವತ್ತಾರು ವರ್ಷ ನನ್ನ ಧಾರಿ ಸೀರಿ ಮಗ್ಗಲಾಗ ಮಲಗೈತಿ. ಮದಿವಿಗೆ ಉಟ್ಟು ಹೋದ್ರ ಮಂದಿ, ಇಲ್ಲೆಲ್ಲೋ ಗ್ಯಾರೇಜ್ ಐತಿ ಅಂತ ಮೂಸಿ ನೋಡ್ತಾರ" ಅಂದಳು.

"ನಾಕು ದಿನದಾಗ ವಾಪಸ್ ಬರತೈತಿ, ಜಾಗಾ ಇಡು" ಎಂದ ಮೌನಪ್ಪ.

ಹಾಕಿ ತೋರಿಸಿಬಿಡೋಣ, ಹೊಗೆ ಬರಲಿ, ಇವರ ಬಾಯಿ ಒಮ್ಮೆ ಮುಚ್ಚಲಿ ಎಂಬುದು ಅವನ ಲೆಕ್ಕ. ಕೃಷ್ಣಾಬಾಯಿಯ ಅಂಗಳದ ಬೇವಿನ ನೆರಳಲ್ಲಿ ಎರಡು ದಿನ ಕೂತು ಪಂಪು ಕೂರಿಸಿದ. ಪುಸ್ತಕ ನೋಡಿ ಶಾಂಭವಿ ಹೇಳಿದ ಅಳತೆಗಳನ್ನೆಲ್ಲ, ಒಳಗೊಳಗೆ ನಗುತ್ತಲೇ, ಚಾಚೂ ತಪ್ಪದೆ ಪಾಲಿಸಿದ. ಮೂರನೆಯ ಬೆಳಿಗ್ಗೆ ಚಾವಿ ತಿರುಗಿಸಿದ. ಇಂಜಿನ್ ಎರಡು ಸಲ ಕೆಮ್ಮಿ ಎದ್ದಿತು. ಹಿಂದೆಯೇ ಕರಿ ಹೊಗೆ ದಟ್ಟವಾಗಿ ಬಂದು ಒಣಹಾಕಿದ್ದ ಹಪ್ಪಳದ ಮೇಲೆಲ್ಲ ಹಾಯಿತು.

"ನೋಡ್ರಿ! ನೋಡ್ರಿ ಬಾಯಾರ! ನಾ ಏನಂದಿದ್ದೆ?" ಮೌನಪ್ಪ ಕುಣಿಯುವುದೊಂದು ಬಾಕಿ.

ಕೃಷ್ಣಾಬಾಯಿಯ ಮುಖ ಸಣ್ಣದಾಯಿತು. "ಹೋಗ್ಲಿ ಬಿಡು. ಅದು ಹುಟ್ಟಿದಾಗ ಹೆಂಗ ಓಡತಿತ್ತು ಅಂತ ಮತ್ತೊಮ್ಮೆ ನೋಡಬೇಕಂತಿತ್ತು. ನಿನ್ನ ಕಾರ್ಬುರೇಟರ್ರೇ ಹಾಕು" ಎಂದು ಹಪ್ಪಳ ಎತ್ತಿಕೊಂಡು ಒಳಗೆ ನಡೆದರು.

ಪೆಟ್ರೋಲಿನಲ್ಲಿ ತೊಯ್ದು ಇಂಜಿನ್ ನಿಂತೇಹೋಯಿತು. ಗಾಡಿಯನ್ನು ಗ್ಯಾರೇಜಿನವರೆಗೆ ಒಯ್ಯಲಿಕ್ಕಾದರೂ ಪ್ಲಗ್ಗು ಒಣಗಬೇಕಲ್ಲ. ಶಾಂಭವಿ ಕೂದಲು ಒಣಗಿಸುವ ತನ್ನ ಡ್ರೈಯರ್ ತಂದು, ಉದ್ದನೆಯ ವೈರಿಗೆ ಸಿಕ್ಕಿಸಿ ಕೊಟ್ಟು, ತಾನೂ ಚಹಾ ಮಾಡಲು ಹೋದಳು.

ಪ್ಲಗ್ಗುಗಳನ್ನು ಒಣಗಿಸಿ ಮತ್ತೆ ಬಿಗಿದ ಮೌನಪ್ಪನ ಕಣ್ಣು ಆಗ ಪಂಪಿನ ತುದಿಯ ಮೇಲೆ ಬಿತ್ತು. ಅಲ್ಲೊಂದು ದುಂಡನೆಯ ಬಾಯಿ. ಬಾಯೊಳಗೆ ತುರುಕಿದ ಬಟ್ಟೆ. ನೀಲಿ ಗೆರೆಯ ಲುಂಗಿಯ ತುಂಡು, ಎಣ್ಣೆಯಲ್ಲಿ ಕಪ್ಪಾಗಿತ್ತು. ಧೂಳು ಹೋಗದಿರಲಿ ಎಂದು ತುರುಕಿದ್ದವನು ತಾನೇ. ವರ್ಷ ವರ್ಷವೂ ಅದರ ಮೇಲೇ ಕುಂಕುಮ ಇಟ್ಟವನೂ ತಾನೇ.

ಈ ಬಾಯಿಗೆ ಏನೋ ಬರುತ್ತಿತ್ತಲ್ಲ?

ಬರುತ್ತಿತ್ತು. ಒಂದು ಸಣ್ಣ ಕೊಳವೆ. ಸೈಲೆನ್ಸರಿನ ಹತ್ತಿರದಿಂದ ಬಿಸಿ ಗಾಳಿ ತರುತ್ತಿತ್ತು, ಕಾರಿನೊಳಗೆ ಬಿಸಿ ಗಾಳಿ ಬಿಡುವ ಹೀಟರಿನ ಪೈಪುಗಳ ಜೊತೆಗೇ. ಆ ಬೇಸಿಗೆಯಲ್ಲಿ, ಹೊಗೆ ಶುರುವಾಗುವ ಎಂಟೇ ದಿನ ಮೊದಲು, "ಹೈದರಾಬಾದಿನಾಗ ಹೀಟರ್ ಯಾಕ್ರಿ ಬಾಯಾರ?" ಎಂದು ನಕ್ಕು ಅಷ್ಟನ್ನೂ ಕಿತ್ತು ಹಾಕಿದ್ದು ಮೌನಪ್ಪನಿಗೆ ಈಗ ನೆನಪಾಯಿತು. ಅವನ ಕಿವಿ ಬಿಸಿಯಾಯಿತು.

ಬಟ್ಟೆ ಎಳೆದು ತೆಗೆದ. ಇಂಜಿನ್ ಎಬ್ಬಿಸಿದ. ಮತ್ತದೇ ಕರಿ ಹೊಗೆ. ಡ್ರೈಯರನ್ನು ಆ ಬಾಯಿಗೆ ಹಿಡಿದು ಬಿಸಿ ಗಾಳಿ ಬಿಟ್ಟ. ಒಂದು ನಿಮಿಷ, ಎರಡು ನಿಮಿಷ. ಹೊಗೆ ಬೂದಿ ಬಣ್ಣಕ್ಕೆ ತಿರುಗಿತು. ನಾಲ್ಕನೆಯ ನಿಮಿಷಕ್ಕೆ ಹೊಗೆಯೇ ಇಲ್ಲ. ಕೆಮ್ಮು ಅಡಗಿ ಇಂಜಿನ್ ಹೊಸ ರೇಷ್ಮೆ ಹರಿದಂತೆ ಓಡತೊಡಗಿತು. ಪಂಪಿಗೆ ಏನೂ ಆಗಿರಲಿಲ್ಲ. ಬಿಸಿ ಗಾಳಿ ಬಾರದೆ, ಇಂಜಿನ್ ಇನ್ನೂ ತಣ್ಣಗಿದೆ, ಜರ್ಮನಿಯ ಚಳಿಯಲ್ಲೇ ನಿಂತಿದೆ ಎಂದು ತಿಳಿದು, ಪಾಪ, ನಲವತ್ತು ಡಿಗ್ರಿ ಬಿಸಿಲಿನಲ್ಲಿ ಅದು ಹೆಚ್ಚು ಹೆಚ್ಚು ಪೆಟ್ರೋಲು ಉಣಿಸುತ್ತ ಬಂದಿತ್ತು.

ಮೌನಪ್ಪ ಇಂಜಿನ್ ಬಂದ್ ಮಾಡಿದ. ಒಳಗೆ ಕಪ್ಪು-ಬಸಿಗಳ ಸದ್ದು. ಬಟ್ಟೆಯ ತುಂಡು ಇನ್ನೂ ಅಂಗೈಯಲ್ಲೇ ಇತ್ತು. ಮತ್ತೆ ತುರುಕಿದರೆ ಆಯಿತು. ಕಾರ್ಬುರೇಟರ್ ಹಾಕು ಎಂದು ಅವರೇ ಹೇಳಿಯೂ ಆಗಿದೆ. ಉಸ್ತಾದ್ ಉಸ್ತಾದನಾಗಿಯೇ ಉಳಿಯುತ್ತಾನೆ. ಬೇವಿನ ಮೇಲಿನ ಕಾಗೆಯ ಹೊರತು ನೋಡಿದವರಿಲ್ಲ. ಆದರೆ ಆ ಸದ್ದು? ಅಷ್ಟು ಹದವಾದ ಸದ್ದನ್ನು ಮೂವತ್ತಾರು ವರ್ಷ ಕಿವಿಗೆ ನಳಿಗೆ ಇಟ್ಟರೂ ಅವನು ಕೇಳಿರಲಿಲ್ಲ. ಕೇಳಿದ್ದನ್ನು ಕೇಳಿಲ್ಲ ಎಂದು ಆ ಕಿವಿಗೆ ಹೇಳುವುದು ಹೇಗೆ?

ಚಹಾ ಹಿಡಿದು ಬಂದ ಕೃಷ್ಣಾಬಾಯಿಯ ಮುಂದೆ ಬಟ್ಟೆ ಚಾಚಿದ.

"ಬಾಯಾರ, ಇದು ನನ್ನ ಲುಂಗಿ."

"ಅದನ್ಯಾಕ ನನಗ ಕೊಡ್ತೀಯೋ?"

ಮೌನಪ್ಪ ಎಲ್ಲವನ್ನೂ ಹೇಳಿದ. ಅಷ್ಟು ನಿಧಾನವಾಗಿ, ಅಷ್ಟು ಕಡಿಮೆ ಮಾತಿನಲ್ಲಿ ಅವನು ಜೀವನದಲ್ಲಿ ಮಾತಾಡಿರಲಿಲ್ಲ. ಕೊನೆಗೆ, "ಇಂಜೆಕ್ಷನ್ದು ಏನೂ ತಪ್ಪಿಲ್ಲರಿ. ನಂದ ಐತಿ" ಅಂದ.

ಕೃಷ್ಣಾಬಾಯಿ ಬಸಿಯಲ್ಲಿ ಸುರಿದಿದ್ದ ಚಹಾ ಮುಗಿಸಿದರು. "ತೊಂಬತ್ತರ ಡಿಸೆಂಬರಿನಾಗ ಮಹಾಬಳೇಶ್ವರಕ್ಕ ಹೋಗಿದ್ವಿ. ನಮ್ಮ ಮನಿಯವರು ದಾರಿ ಉದ್ದಕ್ಕೂ ಕಂಬಳಿ ಹೊತಗೊಂಡು ಕುಂತಿದ್ರು. ನಡಗತಾ ನಡಗತಾ ನಿನ್ನ ಬಯ್ಯಾಕತ್ತಿದ್ರು. ನಾ ಸುಮ್ಮನಿರ್ರಿ, ಉಸ್ತಾದ್ ಅದಾನ ಅಂತಿದ್ದೆ." ಅಲ್ಲಿಗೆ ನಗು ತಡೆಯಲಾಗದೆ ಬಸಿ ಕೆಳಗಿಟ್ಟರು. ಹಿಂದೆಯೇ ಬಂದಿದ್ದ ಶಾಂಭವಿಯಂತೂ ಆಗಲೇ ಕಾರಿಗೆ ಒರಗಿ ನಗುತ್ತಿದ್ದಳು.

"ಇನ್ನ ಯಾರಿಗೂ ಉಸ್ತಾದ್ ಅಂತ ಹೇಳಬ್ಯಾಡ್ರಿ ಬಾಯಾರ."

"ಹೇಳಂಗಿಲ್ಲೇನು? ಹಳೇ ಕಥಿಗಿಂತ ಇದು ಭಾಳ ಛಲೋ ಐತಿ. ಆ ಪೈಪು ಎಲ್ಲೈತಿ ಹೇಳು ಮೊದಲ."

ಸಣ್ಣ ಕೊಳವೆಯನ್ನು ಕೋಠಿಯಿಂದ ಹೊಸದು ತಂದದ್ದಾಯಿತು. ಹೀಟರಿನ ದೊಡ್ಡ ಪೈಪು ಮಾತ್ರ ಮೌನಪ್ಪನ ಬಚ್ಚಲಿನಲ್ಲಿ, ನೀರೊಲೆಯ ಹೊಗೆಕೊಳವೆಯಾಗಿ ನಿಂತಿತ್ತು. ಅದನ್ನು ಕಿತ್ತು ಒಯ್ಯುವಾಗ ಗದಿಗೆಮ್ಮ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಅವಳ ಸೀರೆಯ ಮಗ್ಗುಲಲ್ಲಿ ಕಾರ್ಬುರೇಟರುಗಳು ಬಂದು ಮಲಗಿದಾಗ ಆಡಿದ್ದನ್ನಂತೂ ಕೇಳಲೇಬೇಡಿ.

ಭಾನುವಾರ ಬೆಳಿಗ್ಗೆ ಕೃಷ್ಣಾಬಾಯಿ ಕ್ಯಾಂಪಸ್ಸಿನ ಮರಗಳ ರಸ್ತೆಯಲ್ಲಿ ಕಾರು ಬಿಟ್ಟರು. ಪಕ್ಕದಲ್ಲಿ ಮೌನಪ್ಪ. ಹಿಂದೆ ಹೊಗೆಯಿಲ್ಲ, ಕಾಲು ಒತ್ತಿದ ಕೂಡಲೇ ಗಾಡಿ ಮುಂದೆ. ಆದರೆ ಅಷ್ಟು ವರ್ಷ ಒಲೆಯ ಮೇಲೆ ನಿಂತ ಪೈಪಿನ ಮಸಿ ಬಿದ್ದು ಹೀಟರಿನ ಕವಾಟ ತೆರೆದಲ್ಲೇ ಸಿಕ್ಕಿಕೊಂಡಿತ್ತು. ಹೊರಗೆ ಮೇ ತಿಂಗಳು, ಒಳಗೆ ಕಾಲಡಿಯಿಂದ ಹಬೆಯಂಥ ಗಾಳಿ. ಇಬ್ಬರೂ ಬೆವರಿನಲ್ಲಿ ತೊಯ್ದಿದ್ದರು.

"ನಿಲ್ಲಿಸ್ರಿ ಬಾಯಾರ, ಎರಡು ನಿಮಿಷದಾಗ ಬಂದ್ ಮಾಡ್ತೀನಿ."

ಕೃಷ್ಣಾಬಾಯಿ ಕಿಟಕಿಯ ಗಾಜು ಇಳಿಸಿ, ಸೆರಗಿನಿಂದ ಹಣೆ ಒರೆಸಿಕೊಂಡು, ಗೇರು ಬದಲಿಸಿದರು.

"ಕೈ ಹಚ್ಚಬ್ಯಾಡ. ಮಹಾಬಳೇಶ್ವರದ ಚಳಿ ಈಗ ಬಿಡಾಕತ್ತೈತಿ."

ಮೌನಪ್ಪ ಪಾನೆಯನ್ನು ಕಾಲಡಿಗೆ ಇಟ್ಟು, ಸೀಟಿಗೆ ಒರಗಿ ಹಿಂದಿನ ಇಂಜಿನ್ನಿಗೆ ಕಿವಿಗೊಟ್ಟ. ಆ ರಸ್ತೆ ಮುಗಿಯುವವರೆಗೆ ಅವನು ಒಂದು ಮಾತೂ ಆಡಲಿಲ್ಲ.