ಬಸವೇಶನ ಕೈಗುಣ

ಬಸವೇಶ ನೆಲ ನೋಡಿ ನಡೆದದ್ದನ್ನು ನಾನು ಕಂಡಿಲ್ಲ. ಕತ್ತನ್ನು ಹಿಂದಕ್ಕೆ ವಾಲಿಸಿ, ಬಲಗಣ್ಣು ಕಿರಿದು ಮಾಡಿ, ಮನೆಗಳ ಮಾಡನ್ನೂ ಅದರ ಮೇಲಿನ ಆಕಾಶವನ್ನೂ ಅಳೆಯುತ್ತ ಅವನು ಕಾಟ್ಟಿಕುಳಂ ಜಂಕ್ಷನ್ನಿಗೆ ಬಂದರೆ ಬಸ್ಸುಗಳೇ ದಾರಿ ಬಿಡಬೇಕು. ಒಮ್ಮೆ ನನ್ನ ಜೀಪಿನ ಮೂತಿಗೇ ಬಂದು ತಗುಲಿದ. ನಾನು ಬಾಯಿಗೆ ಬಂದಂತೆ ಬೈದರೆ ಅವನು ಮೇಲೆಯೇ ನೋಡುತ್ತ, "ಮರ ಅಡ್ಡ ಅದೆ ಚೇಟ್ಟಾ, ಆ ಮನೆಗೆ ಸಿಗ್ನಲ್ ಸಿಕ್ಕಾಕಿಲ್ಲ" ಎಂದ. ಇಲ್ಲಿಯವರಂತೆ ಅವನಿಗೂ ಅಣ್ಣನೆಂದರೆ ಚೇಟ್ಟ. ಮನೆಮನೆಗೆ ಡಿಶ್ ಕೂರಿಸುವುದು ಅವನ ಕಸುಬು. ಅಜ್ಜನ ಕಾಲಕ್ಕೆ ಗಡಿಯಾಚೆಯ ಗುಂಡ್ಲುಪೇಟೆ ಕಡೆಯಿಂದ ಬಂದ ಕುಟುಂಬ. ಬೇಸಿಗೆಯಲ್ಲೂ ಕಳಚದ ಖಾಕಿ ಕೋಟು, ಅದರ ಜೇಬಿನಲ್ಲಿ ನಟ್ಟು, ಬೋಲ್ಟು, ವೈರಿನ ತುಂಡು, ನಡೆದರೆ ಗಲಗಲ.

ಅವನು ಮಾಡಿನ ಮೇಲೆ, ಮನೆಯವರು ಟೀವಿಯ ಮುಂದೆ. "ಬಂತಾ?" "ಇಲ್ಲ!" "ಈಗ?" "ಬಂತು, ಬಂತು... ಹೋಯ್ತು!" ಈ ಸಂವಾದ ತಿರುನೆಲ್ಲಿವರೆಗಿನ ಹಾಡಿ-ಕೇರಿಗಳಿಗೆಲ್ಲ ಪರಿಚಿತ. ಡಿಶ್ಶನ್ನು ಕೂದಲೆಳೆಯಷ್ಟು ತಿರುಗಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಉತ್ತರಕ್ಕೆ ಕಾಯುವುದು ಅವನ ಕ್ರಮ. ಕೈ ತೆಗೆದ ಮೇಲೂ ನಿಂತ ಚಿತ್ರವೇ ನಿಜವಾಗಿ ನಿಂತದ್ದಂತೆ.

ಬಿಡುವಿದ್ದರೆ ಅವನ ಫೋನಿನಲ್ಲಿ ಬರೀ ಗ್ರಹಗಳು. ಮಂಗಳನ ಕೆಂಪು ಧೂಳಿನಲ್ಲಿ ತೆವಳುವ ಗಾಡಿ, ಶನಿಯ ಬಳೆಗಳ ಒಳಗೆ ನುಸುಳಿ ಕೊನೆಗೆ ಶನಿಯಲ್ಲೇ ಲೀನವಾದ ನೌಕೆ, ಸೂರ್ಯನ ಗಾಳಿಯ ಎಲ್ಲೆ ದಾಟಿಯೂ ಮಾತು ಬಿಡದ ಮುದಿ ವಾಯೇಜರ್. "ಅಷ್ಟು ದೂರದ ದನಿ ಚೇಟ್ಟಾ! ಹಿಡಿಯೋನು ಎಂಥ ಕೈಯೋನಿರಬೇಕು!" ಎನ್ನುವಾಗ ಅವನ ಸ್ವರ ಗರ್ಭಗುಡಿಯ ಮುಂದೆ ನಿಂತವನಂತೆ ತಗ್ಗುತ್ತಿತ್ತು.

ಎರಡು ಸಾವಿರದ ಹತ್ತೊಂಬತ್ತರಲ್ಲಿ ಚಂದ್ರನ ಮೇಲೆ ಇಳಿಯಬೇಕಿದ್ದ ವಿಕ್ರಮ್ ನೌಕೆ ಕೊನೆಗಳಿಗೆಯಲ್ಲಿ ಮೌನವಾಯಿತಲ್ಲ, ಆ ನಡುರಾತ್ರಿ ಅದನ್ನು ತೋರಿಸಲೆಂದೇ ಅವನು ಕಾಡಂಚಿನ ಹಾಡಿಯೊಂದರಲ್ಲಿ, ವೆಳ್ಳಚ್ಚಿ ಎಂಬ ಮುದುಕಿಯ ಮನೆಯಲ್ಲಿದ್ದ. ಟೀವಿಯಲ್ಲಿ ವಿಜ್ಞಾನಿಗಳು ಕಲ್ಲಾಗಿ ಕೂತದ್ದನ್ನು ಕಂಡ ಜನ ಚಿತ್ರವೇ ಸಿಕ್ಕಿಕೊಂಡಿತೆಂದು ಕೂಗಿದರು. ಇವನು ಓಡಿಹೋಗಿ ಡಿಶ್ ತಿರುಗಿಸಿದ. ಅಷ್ಟರಲ್ಲಿ ಸಂಪರ್ಕ ಕಡಿದ ಸುದ್ದಿ. "ನೀ ಮುಟ್ಟಿದ್ದೇ ತಡ ಚಂದ್ರನ ಮೇಲಿದ್ದದ್ದೂ ಬಿತ್ತಲ್ಲೋ, ಎಂಥ ಕೈಗುಣ ನಿಂದು!" ಎಂದ ಪಕ್ಕದ ಮನೆಯ ಚಾತು.

ತಮಾಷೆ ಚಹದಂಗಡಿಗಳನ್ನು ಸುತ್ತಿ ಸುತ್ತಿ ನಂಬಿಕೆಯಾಯಿತು. ಹೊಸ ಮನೆಯವರು ಮಾನಂತವಾಡಿಯಿಂದ ಬೇರೆ ಕೆಲಸಗಾರನನ್ನು ಕರೆಸತೊಡಗಿದರು. ಅದಕ್ಕಿಂತ ಕೇಡೆಂದರೆ ಬಸವೇಶನೇ ಅದನ್ನು ಅರ್ಧ ನಂಬಿದ. "ನಿನ್ನ ಡಿಶ್‌ಗೂ ಚಂದ್ರನಿಗೂ ಏನೋ ಸಂಬಂಧ, ಮೂರ್ಖ?" ಎಂದು ನಾನು ಕಿರುಚಿದ್ದೇನೆ. "ಗೊತ್ತು ಚೇಟ್ಟಾ. ಆದ್ರೂ ಆಗ ಕೈ ಇಟ್ಟಿದ್ದು ನಾನೇ ತಾನೆ?" ಆ ಹಾಡಿಗೆ ಅವನು ಮತ್ತೆ ಕಾಲಿಡಲಿಲ್ಲ.

ನಾಲ್ಕು ವರ್ಷ ಕಳೆದು ಇನ್ನೊಂದು ವಿಕ್ರಮ್ ಇಳಿಯುವ ಸಂಜೆ ಬಂತು. ಬಸವೇಶನೇ ಬರಬೇಕೆಂದು ವೆಳ್ಳಚ್ಚಿ ಹೇಳಿಕಳಿಸಿದಳು. ಕೋಟಿನ ಕಾಲರು ಹಿಡಿದು ಜೀಪಿಗೆ ಹತ್ತಿಸಿದವನು ನಾನು. ಎಲ್ಲ ಸರಿಯಿತ್ತು. ಇಳಿಯಲು ಇನ್ನೇನು ತುಸು ಹೊತ್ತಿದೆ ಎನ್ನುವಾಗ ಮಾಡಿನ ಮೇಲೆ ಧಡಲ್ ಎಂದಿತು, ಚಿತ್ರ ಚೂರುಚೂರಾಯಿತು.

"ಡಿಶ್ ಮೇಲೆ ಕೋತಿ! ಹತ್ತೋ ಬಸವೇಶಾ!" ಚಾತುವೇ ಕೂಗಿದ.

ಬಸವೇಶನ ಕೈ ಕಂಕುಳಿಂದ ಹೊರಬರಲಿಲ್ಲ. "ಬ್ಯಾಡ. ನಾ ಮುಟ್ಟಿದ್ರೆ ಬೀಳ್ತದೆ."

"ಮೇಲಿರೋ ಮಂಗಕ್ಕಿಂತ ದೊಡ್ಡ ಮಂಗ ನೀನು!" ಎಂದು ನಾನು ರೇಗಿದೆ.

ವೆಳ್ಳಚ್ಚಿ ಅವನ ಬೆನ್ನ ಮೇಲೆ ಕೈಯಿಟ್ಟಳು. "ಬಿದ್ರೆ ಬೀಳ್ಲಿ ಮೋನೆ, ನನ್ ಮಗನೆ. ನಿನ್ನಿಂದ ಬಿತ್ತು ಅಂತ ನಾ ಹೇಳಾಕಿಲ್ಲ. ಹತ್ತು."

ಅವನು ಹತ್ತಿದ. ಕೋತಿ ಮರಕ್ಕೆ ಹಾರಿತು. ಚಿತ್ರ ಬಂತು. ಎತ್ತರದ ಅಂಕಿಗಳು ಇಳಿಯುತ್ತಿದ್ದವು. ಇನ್ನು ಭೂಮಿಯ ಮೇಲಿನ ಯಾರೂ ಆ ನೌಕೆಗೆ ಕೈನೀಡಲಾರರು, ತನ್ನ ಕಣ್ಣಿನಿಂದ ತಾನೇ ನೆಲ ಹುಡುಕಬೇಕು ಎಂದು ಟೀವಿಯವನು ಹೇಳಿದ. "ಬಂತಾ?" ಎಂದು ಮೇಲಿನಿಂದ ಕೇಳಿತು. ಎಲ್ಲರೂ ಅಂಕಿಗಳಿಗೇ ಅಂಟಿಕೊಂಡಿದ್ದೆವು. "ಬಂತಾ? ಯಾರಾದ್ರೂ ಹೇಳ್ರೋ!" ಆ ದನಿ ಒಡೆದಿತ್ತು, ನಮ್ಮ ಮೌನದಲ್ಲಿ ಅವನಿಗೆ ಆ ಹಳೆಯ ರಾತ್ರಿಯ ಮೌನವೇ ಕೇಳಿಸಿರಬೇಕು. ಚಪ್ಪಾಳೆ ಎದ್ದಾಗ ವೆಳ್ಳಚ್ಚಿಯೊಬ್ಬಳೇ ಅಂಗಳಕ್ಕೆ ಓಡಿದಳು.

"ಇಳೀತು ಮೋನೆ! ನೀನೂ ಇಳಿ."

ಅವನು ಇಳಿಯಲಿಲ್ಲ. ಮಾಡಿನ ಮೇಲೆ ಕುಕ್ಕರಿಸಿ, ಬೇರೆ ಯಾರದೋ ವಸ್ತುವೆಂಬಂತೆ ತನ್ನ ಅಂಗೈಗಳನ್ನು ನೋಡುತ್ತ ಕೂತ.

ಇಂಥ ಯಂತ್ರಗಳನ್ನು ಆಕಾಶಕ್ಕೆ ಕಳಿಸುವುದು ಧೈರ್ಯ ಎಂದು ತಿಳಿದಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಇಲ್ಲಿ ತನ್ನ ಬೆರಳು ಕೂದಲೆಳೆಯಷ್ಟು ತಪ್ಪಿದರೆ ಅಲ್ಲೊಂದು ಲೋಕದಲ್ಲಿ ಏನೋ ಬಿದ್ದೀತು ಎಂದು ಅಂಜುವ ಜನರಿದ್ದಾರೆ; ಅಂಜುತ್ತಲೇ ಮುಟ್ಟುತ್ತಾರೆ, ಮುಟ್ಟಿ ಕೈ ತೆಗೆಯುತ್ತಾರೆ, ಆಮೇಲೆ ಏನೂ ಮಾಡಲಾಗದೆ ಕಾಯುತ್ತಾರೆ. ಚಂದ್ರನವರೆಗೆ ಹೋಗಿ ಮುಟ್ಟುವುದು ಅವರ ಆ ಅಂಜಿಕೆಯೇ ಇರಬೇಕು.